ಹಡಗಿನಲ್ಲೇ ಕಟ್ಟುವ ಮುಂಗಡ

ಚಳಿಗಾಲದ ತಿಂಗಳುಗಳಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶದ ಪ್ರವಾಸಿ ನೌಕೆಗಳು ಬಂದು ತಂಗುವುದೂ, ಅವುಗಳಿಂದ ಇಳಿದ ಪ್ರಯಾಣಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ, 1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ 42 ಅಡಿ ಎತ್ತರದ ಕಾರ್ಕಳದ ಗೊಮ್ಮಟನನ್ನೂ ಕಂಡು, ಸಂಜೆಯೊಳಗೆ ಹಡಗಿಗೆ ಮರಳುವುದೂ ನಮ್ಮ ಕರಾವಳಿಯವರಿಗೆ ಈಗ ಪರಿಚಿತವಾದ ದೃಶ್ಯ. ಆದರೆ ಬಿಸಿಲಿನಲ್ಲಿ ಬಂಡೆಯ ಮೆಟ್ಟಿಲು ಹತ್ತುವ ಆ ಪ್ರವಾಸಿಗಳಲ್ಲಿ ಹಲವರು, ಕೈಗೊಂಡ ಯಾನವಿನ್ನೂ ಮುಗಿಯುವ ಮೊದಲೇ, ಮುಂದಿನ ವರ್ಷದ ಅಥವಾ ಅದರಾಚೆಯ ವರ್ಷದ ಮತ್ತೊಂದು ಯಾನಕ್ಕೆ ಹಡಗಿನೊಳಗೇ ಹಣ ಕಟ್ಟಿರುತ್ತಾರೆಂಬ ಸಂಗತಿ ಅಷ್ಟಾಗಿ ತಿಳಿದದ್ದಲ್ಲ.

ಇದು ಪರದೇಶದವರಿಗೆ ಮಾತ್ರ ಸಂಬಂಧಪಟ್ಟ ವಿಷಯವಾಗಿ ಈಗ ಉಳಿದಿಲ್ಲ. ಕಾಪುವಿನ ಕಡಲತೀರದಲ್ಲಿ, 1901ರಲ್ಲಿ ಕಟ್ಟಿದ ದೀಪಸ್ತಂಭದ ಬುಡದಲ್ಲಿ ಆಡಿ ಬೆಳೆದ ಹುಡುಗರೂ, 1986ರಲ್ಲಿ ಮಣಿಪಾಲದಲ್ಲಿ ಆರಂಭವಾದ ಹೋಟೆಲ್ ಆಡಳಿತದ ವಿದ್ಯಾಲಯದಲ್ಲಿ ಕಲಿತ ತರುಣರೂ ಇಂಥ ನೌಕೆಗಳ ಅಡುಗೆಮನೆಗಳಲ್ಲಿ, ಭೋಜನಶಾಲೆಗಳಲ್ಲಿ ಉದ್ಯೋಗ ಹಿಡಿದಿದ್ದಾರೆ. ‘ಮಗ ಶಿಪ್‌ನಲ್ಲಿದ್ದಾನೆ’ ಎಂಬ ಮಾತು ಉಡುಪಿಯ ಆಸುಪಾಸಿನ ಮನೆಗಳಲ್ಲಿ ಸಾಮಾನ್ಯವಾದುದು. 2021ರ ಸೆಪ್ಟೆಂಬರಿನಿಂದ ಮುಂಬಯಿಯಿಂದ ಕಾರ್ಡೇಲಿಯಾ ಸಂಸ್ಥೆಯ ನೌಕೆ ಹೊರಡತೊಡಗಿದ ಮೇಲೆ, ಹಾಗೂ ದುಬೈ, ಸಿಂಗಾಪುರ, ಫ್ಲಾರಿಡಾಗಳಲ್ಲಿ ನೆಲಸಿದ ಮಕ್ಕಳು ಊರಿನಿಂದ ಬಂದ ತಂದೆತಾಯಿಗಳನ್ನು ಕರೆದುಕೊಂಡು ಹಡಗು ಹತ್ತುವ ರೂಢಿ ಬೆಳೆದ ಮೇಲೆ, ನಮ್ಮವರೂ ಪ್ರಯಾಣಿಕರ ಸಾಲಿನಲ್ಲಿ ನಿಂತಿದ್ದಾರೆ. ‘ಅಪ್ಪಾ, ಇಲ್ಲಿಯೇ ಕಟ್ಟಿದರೆ ಕಡಿಮೆಯಂತೆ’ ಎಂದು ಮಗಳು ಹೇಳಿದಾಗ ಒಪ್ಪಬೇಕೋ ಬೇಡವೋ ಎಂಬ ಪ್ರಶ್ನೆ ಆದಕಾರಣ ಉಡುಪಿಯ ಸಂಸಾರಸ್ಥನಿಗೂ ಬಂದೊದಗಿದೆ.

ದೊಡ್ಡ ನೌಕೆಗಳಲ್ಲಿ, ಜನಸಂಚಾರ ಹೆಚ್ಚಾಗಿರುವ ಒಂದು ಮೂಲೆಯಲ್ಲಿ, ಮುಂದಿನ ಯಾನಗಳ ಮಾರಾಟಕ್ಕೆಂದೇ ಒಂದು ಕಚೇರಿಯಿರುತ್ತದೆ. ರಾಯಲ್ ಕೆರಿಬಿಯನ್ ಕಂಪೆನಿ ತನ್ನ ಹಡಗುಗಳಲ್ಲಿ ಇದನ್ನು ‘ನೆಕ್ಸ್ಟ್‌ಕ್ರೂಸ್’ ಎಂದೂ, ನಾರ್ವೇಜಿಯನ್ ಕಂಪೆನಿ ‘ಕ್ರೂಸ್‌ನೆಕ್ಸ್ಟ್’ ಎಂದೂ ಕರೆಯುತ್ತವೆ. ಯಾನದ ಸುಖದಲ್ಲಿ ಮುಳುಗಿರುವವನಿಗೆ ಇನ್ನೊಂದು ಯಾನವನ್ನು ಮಾರುವುದು ಸುಲಭವೆಂಬುದನ್ನು ವ್ಯಾಪಾರಿಯಾದವನು ಬಲ್ಲನು. ಅದಕ್ಕಾಗಿಯೇ ದಡದ ಮೇಲೆ ದೊರೆಯದ ಕೆಲವು ಸವಲತ್ತುಗಳನ್ನು ಇಲ್ಲಿ ಇಡುತ್ತಾರೆ. ಮುಂಗಡದ ಮೊತ್ತ ಕಡಿಮೆಯಿರಬಹುದು. ಅಥವಾ ‘ಆನ್‌ಬೋರ್ಡ್ ಕ್ರೆಡಿಟ್’ ಎಂಬ ಹೆಸರಿನಲ್ಲಿ, ಮುಂದಿನ ಯಾನದಲ್ಲಿ ಹಡಗಿನೊಳಗೆ ಖರ್ಚು ಮಾಡತಕ್ಕ ಒಂದು ಮೊತ್ತವನ್ನು ಪ್ರಯಾಣಿಕನ ಲೆಕ್ಕಕ್ಕೆ ಜಮೆ ಮಾಡಬಹುದು. ಈ ಜಮೆಯು ಸಾಮಾನ್ಯವಾಗಿ ನಗದಾಗಿ ಕೈಗೆ ಬರತಕ್ಕದ್ದಲ್ಲ. ಯಾನದ ಕೊನೆಯ ರಾತ್ರಿಯೊಳಗೆ ಅದನ್ನು ಊಟಕ್ಕೋ, ದಡದ ವಿಹಾರಕ್ಕೋ, ಅಂಗಡಿಯ ಸಾಮಾನಿಗೋ ಬಳಸದಿದ್ದರೆ ಅದು ಅಲ್ಲಿಗೇ ಲಯವಾಗುವುದು.

ಕಟ್ಟುವ ಹಣದಲ್ಲಿ ಎರಡು ಬಗೆಗಳುಂಟು. ಇವೆರಡರ ಅಂತರವನ್ನು ತಿಳಿದವನಿಗೆ ಉಳಿದುದೆಲ್ಲ ಸುಲಭ. ಮೊದಲನೆಯದರಲ್ಲಿ ಹಡಗಾಗಲಿ ತಾರೀಕಾಗಲಿ ನಿಶ್ಚಯವಾಗಿರುವುದಿಲ್ಲ. ‘ಮುಂದೆ ಎಂದಾದರೂ ನಿಮ್ಮ ಹಡಗಿನಲ್ಲಿ ಬರುವೆನು’ ಎಂಬ ಸಂಕಲ್ಪಕ್ಕೆ ಪ್ರಯಾಣಿಕನು ಒಂದಿಷ್ಟು ಹಣವನ್ನು ಇಟ್ಟಿರುತ್ತಾನೆ, ಅಷ್ಟೆ. ಪ್ರಿನ್ಸೆಸ್ ಕಂಪೆನಿ ಬಹುಕಾಲದಿಂದ ನಡೆಸಿಕೊಂಡು ಬಂದ ಪದ್ಧತಿ ಇಂಥದು: ತಲೆಗೆ 100 ಡಾಲರ್, ಎರಡು ವರ್ಷದ ಅವಧಿ, ಅಷ್ಟರೊಳಗೆ ಯಾವ ಯಾನವನ್ನೂ ಆರಿಸಿಕೊಳ್ಳದಿದ್ದರೆ ಹಣ ವಾಪಸು. ಎರಡನೆಯ ಬಗೆಯಲ್ಲಿ ಹಡಗು, ತಾರೀಕು, ಕೋಣೆ ಎಲ್ಲವೂ ಅಲ್ಲಿಯೇ ಗೊತ್ತಾಗಿ, ಅಂದಿನ ದರಕ್ಕೆ ಕೋಣೆ ಪ್ರಯಾಣಿಕನ ಹೆಸರಿಗೆ ಕಾದಿರಿಸಲ್ಪಡುತ್ತದೆ. ಇದರಲ್ಲಿಯೂ ಹಿಂದಿರುಗುವ ಮುಂಗಡ, ಹಿಂದಿರುಗದ ಮುಂಗಡ ಎಂಬ ಭೇದವಿದೆ. ಹಿಂದಿರುಗದ ಮುಂಗಡಕ್ಕೆ ದರ ಕಡಿಮೆ. ಆ ಕಡಿಮೆ ದರವೇ ಮೇಜಿನ ಮೇಲೆ ಮೊದಲು ಕಾಣುವುದರಿಂದ, ಬಹುಮಂದಿ ಅದಕ್ಕೇ ಸಹಿ ಹಾಕುತ್ತಾರೆ.

ಲೆಕ್ಕವನ್ನೊಮ್ಮೆ ಬಿಡಿಸಿ ನೋಡೋಣ. ರಾಯಲ್ ಕೆರಿಬಿಯನ್‌ನಲ್ಲಿ ಒಂದು ವಾರದ ಯಾನಕ್ಕೆ ವಾಡಿಕೆಯ ಮುಂಗಡ ತಲೆಗೆ 250 ಡಾಲರ್. ಮಣಿಪಾಲದ ಗಂಡಹೆಂಡಿರಿಬ್ಬರು ಹಿಂದಿರುಗದ ಬಗೆಯಲ್ಲಿ 500 ಡಾಲರ್ ಕಟ್ಟಿದರೆನ್ನಿ. ಮಗಳ ಬಾಣಂತನವೋ, ಮನೆಯ ಹಿರಿಯರ ಅನಾರೋಗ್ಯವೋ ಒದಗಿ ತಾರೀಕನ್ನು ಬದಲಿಸಬೇಕಾಗಿ ಬಂದರೆ, ಆ ಕಂಪೆನಿಯ ವಾಡಿಕೆಯಂತೆ ತಲೆಗೆ 100 ಡಾಲರಿನ ದಂಡ. ಯಾನವನ್ನೇ ಕೈಬಿಟ್ಟರೆ ಅದೇ 200 ಡಾಲರ್ ಕಳೆದು, ಮಿಕ್ಕ 300 ಡಾಲರೂ ನಗದಾಗಿ ಬಾರದೆ, ಅವಧಿಯುಳ್ಳ ಒಂದು ‘ಕ್ರೆಡಿಟ್’ ಆಗಿ ಕಂಪೆನಿಯ ಬಳಿಯಲ್ಲಿಯೇ ಉಳಿಯುತ್ತದೆ. ಎಂದರೆ ಆ ಹಣವನ್ನು ಕಾಣಲು ಮತ್ತೊಮ್ಮೆ ಹಡಗು ಹತ್ತಿಯೇ ತೀರಬೇಕು. ನಮ್ಮಲ್ಲಿ ಮದುವೆಯ ಹಾಲಿಗೆ ಮುಂಗಡ ಕೊಡುವಾಗ, ಲಗ್ನ ಮುಂದಕ್ಕೆ ಹೋದರೆ ಏನೆಂದು ಕೇಳದೆ ರಶೀದಿ ತೆಗೆದುಕೊಳ್ಳುವ ಯಜಮಾನನಿಲ್ಲ. ಆ ಪ್ರಶ್ನೆಯನ್ನು ಹಡಗಿನ ಮೇಜಿನ ಮುಂದೆ ಕೇಳಲು ಸಂಕೋಚಪಡಬೇಕಾದ ಕಾರಣವೂ ಇಲ್ಲ.

ಮುಂಗಡ ಕಟ್ಟಿದ ಮೇಲೆ ಪೂರ್ತಿ ಹಣ ಸಲ್ಲಿಸಲು ಒಂದು ಗಡುವಿರುತ್ತದೆ. ರಾಯಲ್ ಕೆರಿಬಿಯನ್‌ನಲ್ಲಿ ನಾಲ್ಕು ರಾತ್ರಿಗಳವರೆಗಿನ ಯಾನಕ್ಕೆ ಹೊರಡುವ 75 ದಿನ ಮೊದಲು, ಅದಕ್ಕಿಂತ ದೀರ್ಘವಾದುದಕ್ಕೆ 90 ದಿನ ಮೊದಲು. ಗಡುವು ದಾಟಿದ ಬಳಿಕ ರದ್ದುಮಾಡಿದರೆ ಕಡಿತವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತ, ಹೊರಡುವ ದಿನ ಸಮೀಪಿಸಿದಂತೆ ಇಡೀ ಹಣವನ್ನೇ ನುಂಗುತ್ತದೆ. ಹಡಗಿನಲ್ಲಿ ಕಟ್ಟಿದ ಮುಂಗಡವನ್ನು ಊರಿನ ಟ್ರಾವೆಲ್ ಏಜೆಂಟರ ಹೆಸರಿಗೆ ಸೇರಿಸಿಕೊಳ್ಳುವ ಅವಕಾಶವನ್ನು ಹೆಚ್ಚಿನ ಕಂಪೆನಿಗಳು ಕೊಡುತ್ತವೆ. ಗಡುವನ್ನು ನೆನಪಿಸುವವರೂ, ತೊಡಕಾದಾಗ ಕನ್ನಡದಲ್ಲಿ ಮಾತನಾಡಿ ಉತ್ತರ ಕೊಡುವವರೂ ಒಬ್ಬರು ಸಿಕ್ಕುವರಾದುದರಿಂದ, ಇದು ನನ್ನ ಅಭಿಪ್ರಾಯದಲ್ಲಿ ತಪ್ಪದೆ ಬಳಸಿಕೊಳ್ಳತಕ್ಕ ಸೌಕರ್ಯ.

ರೂಪಾಯಿಯ ಲೆಕ್ಕ ಬೇರೆಯೇ ಇದೆ. ಹಡಗಿನಲ್ಲಿ ಕೈಗೆ ಕೈಯಾಗಿ ನಗದು ಸಲ್ಲಿಸುವ ಪದ್ಧತಿ ಅಪರೂಪ. ಮುಂಗಡವು ಪ್ರಯಾಣಿಕನ ಹಡಗಿನ ಖಾತೆಗೆ ಬರೆಯಲ್ಪಟ್ಟು, ಕೊನೆಯ ರಾತ್ರಿ ಸಿದ್ಧವಾಗುವ ಬಿಲ್ಲಿನಲ್ಲಿ, ಕಾಫಿ ಬಟ್ಟೆಯಿಸ್ತ್ರಿಗಳ ಬಾಬ್ತಿನ ನಡುವೆ ಒಂದು ಸಾಲಾಗಿ ನಿಂತು, ಕ್ರೆಡಿಟ್ ಕಾರ್ಡಿನಿಂದ ವಸೂಲಾಗುತ್ತದೆ. ಭಾರತದ ಕಾರ್ಡಾದರೆ ವಿದೇಶೀ ನಾಣ್ಯದ ವಿನಿಮಯಕ್ಕೆಂದು ಬ್ಯಾಂಕು ಸಾಮಾನ್ಯವಾಗಿ ಶೇಕಡಾ ಎರಡರಿಂದ ಮೂರೂವರೆಯವರೆಗೆ ಶುಲ್ಕವನ್ನೂ, ಅದರ ಮೇಲೆ ಜಿಎಸ್‌ಟಿಯನ್ನೂ ಹಾಕುತ್ತದೆ. ಮುಂದೆ ಮುಂಗಡ ವಾಪಸಾದರೂ ಈ ಶುಲ್ಕ ಸಾಮಾನ್ಯವಾಗಿ ವಾಪಸಾಗುವುದಿಲ್ಲ. ಎರಡು ವರ್ಷ ಡಾಲರಿನಲ್ಲಿ ಬಡ್ಡಿಯಿಲ್ಲದೆ ಕುಳಿತ ಹಣ ಇದೆಂಬುದನ್ನೂ ಮರೆಯಬಾರದು.

ಸಣ್ಣ ಮೊತ್ತದ ಠೇವಣಿಯ ವಿಷಯವನ್ನು ಉಡುಪಿಯ ಜನ ಹೊರಗಿನವರಿಂದ ಕಲಿಯಬೇಕಾದುದಿಲ್ಲ. ಕೈಮಗ್ಗದ ನೇಕಾರರ ಸಂಕಷ್ಟವನ್ನು ಕಂಡು ಉಪೇಂದ್ರ ಅನಂತ ಪೈ, ವಾಮನ ಕುಡ್ವ ಹಾಗೂ ಡಾಕ್ಟರ್ ಟಿ.ಎಂ.ಎ. ಪೈ ಅವರು 1925ರಲ್ಲಿ ಎಂಟು ಸಾವಿರ ರೂಪಾಯಿಯ ಬಂಡವಾಳದಿಂದ ಕಟ್ಟಿದ ಸಂಸ್ಥೆ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟನು ಪ್ರತಿದಿನ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆಯನ್ನಾದರೂ ಸ್ವೀಕರಿಸಿ ಬರೆದುಕೊಂಡು ಹೋಗುತ್ತಿದ್ದನು. ಎರಡಾಣೆ ಕೊಟ್ಟವನು ಆ ಹಣ ತನಗೇ ಮರಳುವುದೆಂಬ ನಂಬಿಕೆಯಿಂದ ಕೊಟ್ಟನು, ಅದು ಮರಳಿಯೂ ಬಂದಿತು. ಇಡೀ ಯೋಜನೆ ನಿಂತದ್ದು ಆ ಒಂದು ಆಧಾರದ ಮೇಲೆ. ಹಡಗಿನ ಮುಂಗಡವನ್ನು ಅಳೆಯಲು ನನಗೆ ಇದಕ್ಕಿಂತ ಸರಿಯಾದ ಅಳತೆ ತೋರುವುದಿಲ್ಲ. ಮರಳುವ ಮುಂಗಡವು ಉಳಿತಾಯಕ್ಕೆ ಸಮೀಪವಾದುದು. ಮರಳದ ಮುಂಗಡವು ಆಗಲೇ ಆಗಿಹೋದ ಖರ್ಚು. ಎರಡನೆಯದನ್ನು ಮೊದಲನೆಯದೆಂದು ಭ್ರಮಿಸಿ ಕಟ್ಟುವುದೇ ಅಪಾಯ.

ಕಂಪೆನಿಯೇ ಮುಳುಗಿದರೆ ಏನೆಂಬ ಪ್ರಶ್ನೆಯೂ ಕೇವಲ ಕಲ್ಪನೆಯದಲ್ಲ. 2019ರ ಏಪ್ರಿಲಿನಲ್ಲಿ ಮುಂಬಯಿಯಿಂದ ‘ಕರ್ಣಿಕಾ’ ಎಂಬ ನೌಕೆಯನ್ನು ಹೊರಡಿಸಿದ ಜಲೇಶ್ ಸಂಸ್ಥೆ, ಮಹಾಮಾರಿಯ ಹೊಡೆತಕ್ಕೆ ಸಿಕ್ಕಿ 2020ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು. ಹಡಗು ಗುಜರಾತಿನ ಅಲಂಗ್‌ನಲ್ಲಿ ಒಡೆಯುವವರ ಪಾಲಾಯಿತು. ಸ್ಟಾರ್, ಡ್ರೀಮ್, ಕ್ರಿಸ್ಟಲ್ ಎಂಬ ಮೂರು ಹೆಸರುಗಳಲ್ಲಿ ನೌಕೆಗಳನ್ನು ನಡೆಸುತ್ತಿದ್ದ ಗೆಂಟಿಂಗ್ ಹಾಂಗ್‌ಕಾಂಗ್ ಕಂಪೆನಿ 2022ರ ಜನವರಿಯಲ್ಲಿ ವಿಸರ್ಜನೆಯ ಅರ್ಜಿ ಹಾಕಿತು. ಇಂಥ ಕಾಲದಲ್ಲಿ ಮುಂಗಡ ಕಟ್ಟಿದವನು ಸಾಲ ಕೊಟ್ಟವರ ಉದ್ದನೆಯ ಸಾಲಿನ ಹಿಂಭಾಗದಲ್ಲಿ ನಿಲ್ಲಬೇಕಾಗುವುದಾದರೂ, ಕಾರ್ಡಿನ ಮೂಲಕ ಕಟ್ಟಿದ್ದರೆ ದೊರೆಯದ ಸೇವೆಯ ಹಣಕ್ಕೆ ಬ್ಯಾಂಕಿನ ಮುಂದೆ ತಕರಾರು ಹೂಡುವ ಹಾದಿಯೊಂದು ಉಳಿದಿರುತ್ತದೆ.

ಇನ್ನು ನ್ಯಾಯಾಲಯದ ಮಾತು. ಅಮೆರಿಕದ ದೊಡ್ಡ ಕಂಪೆನಿಗಳ ಟಿಕೆಟಿನ ಕರಾರಿನಲ್ಲಿ, ವ್ಯಾಜ್ಯಗಳನ್ನು ಫ್ಲಾರಿಡಾದ ನ್ಯಾಯಾಲಯಗಳಲ್ಲಿಯೇ ಹೂಡತಕ್ಕದ್ದೆಂಬ ಷರತ್ತು ಬಹುತೇಕ ಇರುತ್ತದೆ. ವಾಷಿಂಗ್ಟನ್ ರಾಜ್ಯದ ಶೂಟ್ ದಂಪತಿಗಳು ಕಾರ್ನಿವಲ್ ಕಂಪೆನಿಯ ಮೇಲೆ ತಮ್ಮ ರಾಜ್ಯದಲ್ಲಿ ದಾವೆ ಹೂಡಿದಾಗ, ಅಂಥ ಷರತ್ತು ಬದ್ಧವಾದುದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ತೀರ್ಪಿತ್ತಿತು. ಅಮೆರಿಕದವರಿಗೇ ಹೀಗಾದ ಮೇಲೆ ಕಾರ್ಕಳದ ನಿವೃತ್ತ ಅಧ್ಯಾಪಕನೊಬ್ಬನು ಮುನ್ನೂರು ಡಾಲರಿಗಾಗಿ ಮಯಾಮಿಗೆ ಹೋಗಿಬರುವನೆಂದು ಭಾವಿಸಲಾಗದು. ಭಾರತದ ಕಂಪೆನಿ ಅಥವಾ ಭಾರತದ ಏಜೆಂಟರ ಮೂಲಕ ಕಟ್ಟಿದವನ ಸ್ಥಿತಿ ಇದಕ್ಕಿಂತ ಬಹಳ ಉತ್ತಮ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಿಪರೀತವಾದ ಭದ್ರತಾ ಠೇವಣಿಯನ್ನು ಕೇಳುವ ಕರಾರನ್ನು ಅನ್ಯಾಯದ ಕರಾರುಗಳ ಪಟ್ಟಿಗೆ ಸೇರಿಸಿದೆ. ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದೆಂದೂ ಹೇಳಿದೆ.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹ ಇಷ್ಟು. ತಾರೀಕು ಗೊತ್ತಿಲ್ಲದ, ಪೂರ್ತಿ ಹಿಂದಿರುಗುವ ಸಣ್ಣ ಮುಂಗಡವನ್ನು ಮತ್ತೆ ಹಡಗು ಹತ್ತುವ ಮನಸ್ಸುಳ್ಳವರು ಧಾರಾಳವಾಗಿ ಕಟ್ಟಿರಿ. ಹಿಂದಿರುಗದ ಬಗೆಯನ್ನು, ರಜೆಯೂ ಮನೆಯವರ ಆರೋಗ್ಯವೂ ನಿಶ್ಚಿತವಾಗಿರುವವರು ಮಾತ್ರ ಮುಟ್ಟಿರಿ. ನಿಯಮಗಳು ಆಗಾಗ ಬದಲಾಗುವುದರಿಂದ ಅವಧಿ, ದಂಡ, ವಾಪಸಿನ ರೀತಿ ಈ ಮೂರನ್ನೂ ಅಂದಿನ ಕಾಗದದಲ್ಲಿಯೇ ಓದಿ, ಅದರ ಪ್ರತಿಯನ್ನು ಈಮೇಲಿಗೆ ತರಿಸಿಕೊಂಡು, ಕೊನೆಯ ರಾತ್ರಿಯ ಬಿಲ್ಲಿನೊಡನೆ ಜೋಪಾನವಾಗಿಡಿರಿ. ತಗಾದೆ ಬಂದರೆ ಬ್ಯಾಂಕಾಗಲಿ, ಉಡುಪಿಯ ಜಿಲ್ಲಾ ಗ್ರಾಹಕ ಆಯೋಗವಾಗಲಿ ನಿಮ್ಮಿಂದ ಮೊದಲು ಕೇಳುವುದು ಆ ಕಾಗದವನ್ನೇ.