ಕೈಚೀಲದ ಕಾಫಿ ಪುಡಿಯೂ ವಿಮಾನ ನಿಲ್ದಾಣದ ತಪಾಸಣೆಯೂ

ನಮ್ಮ ಸದಸ್ಯರ ಮನೆಗಳಿಂದ ವಿದೇಶ ಪ್ರಯಾಣ ಕೈಗೊಳ್ಳುವವರು ಈಗ ಅಪರೂಪವೇನಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ, ಮಗನ ಸಂಸಾರ ನೋಡಲೆಂದು ಆಸ್ಟ್ರೇಲಿಯಕ್ಕೆ ಹೊರಡುವ ತಾಯಂದಿರ ಕೈಚೀಲದಲ್ಲಿ ಮನೆಯ ಕಾಫಿ ಪುಡಿ, ಬಾಣಂತಿ ಲೇಹ್ಯ, ತೋಟದ ಜೇನುತುಪ್ಪ, ಎಲೆಅಡಿಕೆಯ ಸಂಚಿ ಇರುವುದು ಸಹಜ. ಆದರೆ ತಪಾಸಣೆಯ ಮೇಜು ದಾಟುವಾಗ ಇವುಗಳಲ್ಲಿ ಯಾವುದು ಉಳಿದೀತು, ಯಾವುದು ಹೋದೀತು ಎಂದು ಮುಂಚಿತವಾಗಿ ಹೇಳುವುದು ಬರುವ ವಾರದ ಅಡಿಕೆ ಧಾರಣೆ ಹೇಳಿದಷ್ಟೇ ಕಷ್ಟ. ಸಂಘದ ಕಚೇರಿಗೆ ಬಂದು ಈ ಬಗ್ಗೆ ವಿಚಾರಿಸುವವರು ಹೆಚ್ಚಿರುವುದರಿಂದ ಇಲ್ಲಿ ಕೆಲವು ವಿಷಯಗಳನ್ನು ತಿಳಿಸುತ್ತಿದ್ದೇವೆ.

ಮೊದಲು ಕಾಫಿಯ ಮಾತು. 2017ರ ಜುಲೈ ತಿಂಗಳಲ್ಲಿ ಸಿಡ್ನಿಯಿಂದ ಅಬುಧಾಬಿಗೆ ಹೊರಡುವ ವಿಮಾನವೊಂದರಲ್ಲಿ, ಮಾಂಸ ಅರೆಯುವ ಯಂತ್ರದೊಳಗೆ ಬಾಂಬು ಅಡಗಿಸಿ ಕಳಿಸುವ ಸಂಚು ನಡೆದಿತ್ತು. ಮರುವರ್ಷ, 2018ರ ಜೂನ್ 30ರಿಂದ, ಅಮೆರಿಕ ಮತ್ತು ಆಸ್ಟ್ರೇಲಿಯ ಎರಡೂ ದೇಶಗಳು ಕೈಚೀಲದ ಪುಡಿ ಪದಾರ್ಥಗಳ ಮೇಲೆ ಕಣ್ಣಿಟ್ಟವು. ದಿನಾಂಕ ಒಂದೇ, 350 ಎಂಬ ಅಳತೆಯೂ ಒಂದೇ, ಅರ್ಥ ಮಾತ್ರ ಬೇರೆ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿಲೀಟರಿಗೆ ಮೀರಿದ ಪುಡಿ ಯಾವುದೇ ಇರಲಿ, ಕಾಫಿಯೂ ಸೇರಿ, ಪ್ರತ್ಯೇಕ ಪರೀಕ್ಷೆಗೆ ಒಳಪಡುತ್ತದೆ. ಪರೀಕ್ಷೆಯಲ್ಲಿ ಸಂಶಯ ಬಗೆಹರಿಯದಿದ್ದರೆ ಒಳಗೆ ಬಿಡುವುದಿಲ್ಲ. ಆಸ್ಟ್ರೇಲಿಯದಿಂದ ಹೊರಡುವ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಮಿತಿ ಇರುವುದು ಉಪ್ಪು, ಟಾಲ್ಕಂ ಪೌಡರಿನಂತಹ ಖನಿಜ ಮೂಲದ ಪುಡಿಗಳಿಗೆ. ಕಾಫಿ, ಹಿಟ್ಟು, ಸಕ್ಕರೆಗಳಿಗೆ ಆ ಮಿತಿಯಿಲ್ಲ. ಹೀಗಾಗಿ ಒಂದು ಕಿಲೋ ಕಾಫಿ ಪುಡಿಯ ಪೊಟ್ಟಣ ಒಂದು ಕಡೆ ನಿರುಪದ್ರವಿ, ಇನ್ನೊಂದು ಕಡೆ ಸಂಶಯಾಸ್ಪದ.

ತೆಂಗಿನಕಾಯಿಯ ಕಥೆ ಇನ್ನೂ ಸ್ವಾರಸ್ಯದ್ದು. ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯಿದೆ. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿನಲ್ಲಿ ಅದನ್ನು ಇಟ್ಟಿದ್ದಾರೆ. ಆದ್ದರಿಂದ ನಮ್ಮ ದೇಶದಲ್ಲಿ ಕೊಬ್ಬರಿಯನ್ನು ಕೈಚೀಲದಲ್ಲಾಗಲಿ, ದೊಡ್ಡ ಪೆಟ್ಟಿಗೆಯಲ್ಲಾಗಲಿ ಒಯ್ಯುವಂತಿಲ್ಲ. ಎಣ್ಣೆಯಂಶದ ಗುಣ ಬಲ್ಲ ನಮಗೆ ಇದರಲ್ಲಿ ತಕರಾರಿಲ್ಲ. ಆದರೆ ಇಡೀ ತೆಂಗಿನಕಾಯಿಯನ್ನೂ ಕೈಚೀಲದಲ್ಲಿ ಬಿಡದಿದ್ದ ಭದ್ರತಾ ಇಲಾಖೆಯವರು 2024ರ ಅಕ್ಟೋಬರಿನಲ್ಲಿ ಶಬರಿಮಲೆ ಯಾತ್ರಿಕರ ಇರುಮುಡಿಯ ಕಾಯಿಗೆ 2025ರ ಜನವರಿ 20ರವರೆಗೆ ವಿನಾಯಿತಿ ಕೊಟ್ಟರು. ಯಂತ್ರದಲ್ಲಿ ನೋಡಿ, ಕೈಯಿಂದಲೂ ಪರೀಕ್ಷಿಸಿ ಬಿಡಬೇಕೆಂದು ಅಪ್ಪಣೆಯಾಯಿತು. ಸಂತೋಷವೇ. ಪರೀಕ್ಷಿಸಿ ಬಿಡಲು ಸಾಧ್ಯವಿರುವ ಕಾಯಿ ಜನವರಿ 21ರಂದು ಏಕೆ ಸಲ್ಲದು ಎಂಬುದನ್ನು ಮಾತ್ರ ಯಾರೂ ನಮಗೆ ತಿಳಿಸಿ ಹೇಳಿಲ್ಲ.

ಲೇಹ್ಯ ಮತ್ತು ಜೇನು ಒಯ್ಯುವವರು ಗಮನಿಸಬೇಕು. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕಗಳಿಂದ ಉರುಳಿಸುವ ಸಂಚು ಬಯಲಾದ ಮೇಲೆ 100 ಮಿಲಿಲೀಟರಿನ ನಿಯಮ ಹುಟ್ಟಿತು. ಗಟ್ಟಿಯೂ ಅಲ್ಲದ, ನೀರೂ ಅಲ್ಲದ ಲೇಹ್ಯ ಕೂಡ ಅದರ ಲೆಕ್ಕಕ್ಕೇ ಬರುತ್ತದೆ. ಲೆಕ್ಕ ಹಿಡಿಯುವುದು ಭರಣಿಯ ಅಳತೆಯನ್ನು. 200ರ ಭರಣಿಯಲ್ಲಿ ಅರ್ಧ ಮಾತ್ರ ಇದೆಯೆಂಬ ವಾದ ನಡೆಯದು. ಯುರೋಪಿನ ಕೆಲವು ನಿಲ್ದಾಣಗಳಲ್ಲಿ ಹೊಸ ಸ್ಕ್ಯಾನರುಗಳು ಬಂದು ಈ ಮಿತಿ ಸಡಿಲವಾಯಿತು. 2024ರ ಸೆಪ್ಟೆಂಬರ್ 1ರಿಂದ ಮತ್ತೆ ಬಿಗಿಯಾಯಿತು. 2025ರ ಜುಲೈಯಲ್ಲಿ, ಒಪ್ಪಿಗೆ ಪಡೆದ ಯಂತ್ರಗಳಿರುವಲ್ಲಿ ಪುನಃ ಸಡಿಲವಾಯಿತು. ನಡುದಾರಿಯಲ್ಲಿ ವಿಮಾನ ಬದಲಿಸುವವರಿಗೆ ಅಲ್ಲಿ ಇನ್ನೊಂದು ತಪಾಸಣೆ ಕಾದಿರುತ್ತದೆಂಬುದನ್ನು ಮರೆಯಬಾರದು.

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ತಾಯಿಯ ಕಾಲದ ಹಿತ್ತಾಳೆ ಹಿಡಿಯ ಅಡಕತ್ತರಿಯನ್ನು ಸಂಚಿಯಲ್ಲಿಟ್ಟುಕೊಂಡು ದೂರದ ಊರಿಗೆ ಮದುವೆಗೆ ಹೋಗಿದ್ದರು. ಹೋಗುವಾಗ ಯಾರೂ ಕೇಳಲಿಲ್ಲ. ಬರುವಾಗ ಬೇರೊಂದು ನಿಲ್ದಾಣದಲ್ಲಿ ತೆಗೆದು ಡಬ್ಬಕ್ಕೆ ಹಾಕಿದರು. ಚೀಟಿಯಿಲ್ಲ, ಹಿಂತಿರುಗಿಸುವ ಭರವಸೆಯಿಲ್ಲ. "ಹೋಗುವಾಗ ಬಿಟ್ಟಿದ್ದರಲ್ಲಾ" ಎಂದರೆ "ಅವರು ನೋಡಿರಲಿಕ್ಕಿಲ್ಲ, ಅಜ್ಜಾ" ಎಂಬ ಉತ್ತರ. ಆ ಮನೆಯಲ್ಲಿ ಮೂರು ತಲೆಮಾರು ಅಡಿಕೆ ಕತ್ತರಿಸಿದ ಅಡಕತ್ತರಿ ಅದು. ಅಮೆರಿಕದಲ್ಲಿ ತಿರುಗಣಿಯಿಂದ ತುದಿಗೆ 4 ಇಂಚಿಗಿಂತ ಕಡಿಮೆಯಿರುವ ಕತ್ತರಿಗೆ ಅವಕಾಶವಿದೆ, ಯುರೋಪಿನಲ್ಲಿ ಮಿತಿ 6 ಸೆಂಟಿಮೀಟರು. ಅಡಕತ್ತರಿ ಇತ್ತ ಕತ್ತರಿಯೂ ಅಲ್ಲ, ಅತ್ತ ಚಾಕುವೂ ಅಲ್ಲ. ಅದರ ಗತಿ ಎದುರಿಗಿರುವ ಅಧಿಕಾರಿಯ ಕೈಯಲ್ಲಿ.

ತಪಾಸಣೆಯೇ ಬೇಡವೆಂದು ನಾವು ಹೇಳುತ್ತಿಲ್ಲ. 2020ರ ಜನವರಿ 20ರಂದು ನಮ್ಮ ಮಂಗಳೂರಿನ ವಿಮಾನ ನಿಲ್ದಾಣದಲ್ಲಿಯೇ ಚೀಲವೊಂದರಲ್ಲಿ ಸ್ಫೋಟಕ ಸಿಕ್ಕಿತ್ತು; ಸಿಬ್ಬಂದಿಯ ಎಚ್ಚರದಿಂದ ಅನಾಹುತ ತಪ್ಪಿತು. ಎಲ್ಲ ಕಡೆ ನಿಯಮ ಒಂದೇ ಆಗಿರುವುದೂ ಸುಲಭವಲ್ಲ. ಅಂತರರಾಷ್ಟ್ರೀಯ ಒಪ್ಪಂದ ಕನಿಷ್ಠ ಮಟ್ಟವನ್ನು ಹೇಳುತ್ತದೆ, ಅದರ ಮೇಲೆ ಪ್ರತಿ ದೇಶ ತನ್ನದನ್ನು ಸೇರಿಸುತ್ತದೆ. ಯಂತ್ರಗಳೂ ಬೇರೆ ಬೇರೆ. ಎಕ್ಸ್‌ರೇ ಪರದೆಯ ಮೇಲೆ ಕಾಫಿ ಪುಡಿಯೂ ಸ್ಫೋಟಕವೂ ಒಂದೇ ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ. ಹೊಸ ಸ್ಕ್ಯಾನರು ವಸ್ತುವನ್ನು ಎಲ್ಲ ಮಗ್ಗುಲಿನಿಂದ ತಿರುಗಿಸಿ ತೋರಿಸುತ್ತದೆ. ಆದರೆ ಏಕೆ ತೆಗೆದುಕೊಂಡರೆಂದು ಎರಡು ಸಾಲು ಬರೆದುಕೊಡಲು, ಯಾವುದು ಸಲ್ಲದೆಂಬ ಪಟ್ಟಿಯನ್ನು ಚೀಲ ಒಪ್ಪಿಸುವ ಮೊದಲೇ ಕಾಣುವಂತೆ ಕನ್ನಡದಲ್ಲಿ ಹಾಕಲು ಯಾವ ಯಂತ್ರವೂ ಬೇಕಿಲ್ಲ. ಒಂಟಿಯಾಗಿ ಹೊರಟ ತಾಯಂದಿರಿಗೆ ಅಷ್ಟಾದರೂ ಆಗಬೇಕೆಂಬುದು ನಮ್ಮ ಅಭಿಪ್ರಾಯ.

ಸದ್ಯಕ್ಕೆ ಸದಸ್ಯರು ಹೀಗೆ ಮಾಡಬಹುದು. ಕಾಫಿ ಪುಡಿ, ಲೇಹ್ಯ, ಜೇನು, ಅಡಕತ್ತರಿ ಇವೆಲ್ಲ ದೊಡ್ಡ ಪೆಟ್ಟಿಗೆಗೆ ಹೋಗಲಿ. ಪುಡಿಯನ್ನು ಅಂಗಡಿಯ ಮೊಹರಿರುವ ಪೊಟ್ಟಣದಲ್ಲೇ ಇಡುವುದು ಲೇಸು. ಆಸ್ಟ್ರೇಲಿಯಕ್ಕೆ ಹೋಗುವವರು ತಂದ ತಿನಿಸನ್ನೆಲ್ಲ ಅಲ್ಲಿ ಇಳಿದಾಗ ಕೊಡುವ ಪತ್ರದಲ್ಲಿ ನಮೂದಿಸತಕ್ಕದ್ದು. ಅದು ಭದ್ರತೆಯದಲ್ಲ, ಸಸ್ಯರೋಗದ ಕಾನೂನು. ಬೀಳ್ಕೊಡಲು ಬಂದ ಮನೆಯವರು ತಪಾಸಣೆ ಮುಗಿಯುವವರೆಗೆ ಹೊರಗೆ ನಿಂತಿದ್ದರೆ, ಬೇಡವೆಂದ ವಸ್ತುವನ್ನು ಅವರಿಗೆ ಒಪ್ಪಿಸಲು ಕೇಳಿಕೊಳ್ಳಬಹುದು. ಮೊಬೈಲಿಗೆ ಚಾರ್ಜು ತುಂಬುವ ಪವರ್ ಬ್ಯಾಂಕಿನದು ಮಾತ್ರ ತದ್ವಿರುದ್ಧ: ಅದು ಕೈಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಹಾಕಕೂಡದು.