ಫಲಿತಾಂಶಕ್ಕೆ ಮುನ್ನವೇ ಮಾತಾಡುವ ಹಾಜರಿ ಪುಸ್ತಕ

2019ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹಾಸನ ಜಿಲ್ಲೆ ಶೇ 89.33 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲಾಯಿತು. ಆ ವರ್ಷ ರಾಜ್ಯದ ಸರಾಸರಿ ಶೇ 73.70. ಹೆಮ್ಮೆಪಡಬೇಕಾದ ಸಾಧನೆಯೇ. ಆದರೆ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಂಥ ಊರಿನ ತಂದೆತಾಯಿಗೆ ಬೇಕಾದ ಉತ್ತರ ಈ ಅಂಕಿಯಲ್ಲಿಲ್ಲ: ನಮ್ಮ ಮಗು ಪಿಯುಸಿಯನ್ನೋ ಐಟಿಐಯನ್ನೋ ಸೇರಿ ಮುಗಿಸುತ್ತದೆಯೇ?

ಫಲಿತಾಂಶ ಬರುವುದು ಎಲ್ಲ ಮುಗಿದ ಮೇಲೆ. ಸಣ್ಣ ಶಾಲೆಯಲ್ಲಿ ಅದು ದಾರಿ ತಪ್ಪಿಸುವುದೂ ಉಂಟು. ಇಪ್ಪತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಫೇಲಾದರೂ ಶೇ 5 ಕುಸಿತ! ಅಲ್ಲಿ ಸರಾಸರಿಗಿಂತ ಪ್ರತಿ ಮಗುವಿನ ಜಾಡು ಮುಖ್ಯ.

ಈ ಜಾಡು ಹಿಡಿಯುವ ಬಗೆಯನ್ನು ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಅವರ 2005ರ ವರದಿಯ ಪ್ರಕಾರ, ಒಂಬತ್ತನೇ ತರಗತಿಯಲ್ಲಿ ಹಳಿ ತಪ್ಪದ, ಅಂದರೆ ಬಹುಪಾಲು ವಿಷಯಗಳಲ್ಲಿ ಪಾಸಾಗುತ್ತ ಬಂದ ಮಕ್ಕಳು ಸಕಾಲಕ್ಕೆ ಹೈಸ್ಕೂಲು ಮುಗಿಸುವ ಸಾಧ್ಯತೆ ಉಳಿದವರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು. ಯಾರು ಹಳಿ ತಪ್ಪಬಹುದು ಎಂಬುದಕ್ಕೆ ಹಿಂದಿನ ಪರೀಕ್ಷೆಯ ಅಂಕಗಳಿಗಿಂತ ಹಾಜರಾತಿಯೇ ಒಳ್ಳೆಯ ಸುಳಿವಾಗಿತ್ತು. ಷಿಕಾಗೊದ ಶಾಲೆಗಳಲ್ಲಿ ಅಂಥ ಮಕ್ಕಳ ಪಟ್ಟಿ ಶಿಕ್ಷಕರ ಕೈಗೆ ವರ್ಷದ ನಡುವೆಯೇ ಸಿಗತೊಡಗಿತು. ಹಳಿಯ ಮೇಲಿದ್ದವರ ಪ್ರಮಾಣ 2007ರಲ್ಲಿ ಶೇ 57 ಇದ್ದದ್ದು 2013ರ ಹೊತ್ತಿಗೆ ಶೇ 82ಕ್ಕೆ ಏರಿತು.

ನಮ್ಮಲ್ಲೂ ಸಾಮಗ್ರಿ ಇದೆ. ಶಾಲೆಗಳಲ್ಲಿ 'ಸ್ಯಾಟ್ಸ್' ಎಂದೇ ಪರಿಚಿತವಾದ ವಿದ್ಯಾರ್ಥಿ ಸಾಧನೆ ಜಾಡು ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇರುತ್ತದೆ. ದಾಖಲಾತಿ, ವರ್ಗಾವಣೆ, ಕಲಿಕೆ ಎಲ್ಲ ಅದರಡಿ ಸೇರುತ್ತವೆ. ಕೊರತೆ ಇರುವುದು ಅದನ್ನು ಓದಿ ಕಾರಣ ಹುಡುಕುವುದರಲ್ಲಿ. ಬೇಲೂರಿನ ಮಲೆನಾಡು ಭಾಗದಲ್ಲಿ ಕಾಫಿ ಕೊಯ್ಲು ನವೆಂಬರ್‌ನಿಂದ ಫೆಬ್ರುವರಿಯವರೆಗೆ, ಪರೀಕ್ಷೆಯ ಹೊಸ್ತಿಲಲ್ಲೇ ನಡೆಯುತ್ತದೆ. ಗೈರುಹಾಜರಿ ಈ ತಿಂಗಳುಗಳಲ್ಲೇ ಗುಂಪಾಗಿ ಕಂಡರೆ ಪರಿಹಾರ ಹೆಚ್ಚುವರಿ ತರಗತಿಯಲ್ಲ. ಹಾಸ್ಟೆಲ್ ಸೀಟು, ತೋಟದ ಕುಟುಂಬಗಳೊಡನೆ ಮಾತುಕತೆ. ಮಳೆಗಾಲದಲ್ಲಿ ಕಂಡರೆ ಬಸ್ಸಿನ ವೇಳೆಯನ್ನೇ ನೋಡಬೇಕಾದೀತು.

ಸುಳಿವು ಹಣೆಬರಹವಲ್ಲ. ಪಟ್ಟಿಯಲ್ಲಿರುವ ಮಗುವಿಗೆ 'ದಡ್ಡ' ಎಂಬ ಹಣೆಪಟ್ಟಿ ಅಂಟಿದರೆ ವಿಜ್ಞಾನವೇ ಅನ್ಯಾಯದ ಉಪಕರಣವಾಗುತ್ತದೆ. ಹೆಸರುಗಳು ಶಿಕ್ಷಕರು ಮತ್ತು ಪೋಷಕರ ನಡುವೆಯೇ ಉಳಿಯಲಿ. ಸಭೆಯ ಮುಂದೆ ಬರಬೇಕಾದದ್ದು ಒಟ್ಟು ಲೆಕ್ಕ ಮಾತ್ರ.

ಮುಂದಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ, ಮಕ್ಕಳ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ಹತ್ತು ದಿನಕ್ಕೊಂದು ದಿನವಾದರೂ ತಪ್ಪಿಸುವ ಮಕ್ಕಳೆಷ್ಟು? ಯಾವ ತಿಂಗಳಲ್ಲಿ, ಏಕೆ? ಕಳೆದ ವರ್ಷ ಹತ್ತನೆಯದು ಮುಗಿಸಿದವರು ಈಗ ಎಲ್ಲಿದ್ದಾರೆ? ಉತ್ತರವನ್ನು ಬರೆದಿಟ್ಟು, ಮರುವರ್ಷ ಮತ್ತೆ ಕೇಳಿ.