ನಾಲ್ಕು ಡಿಸ್ಕು, ಒಂದು ಅಲಾರಾಂ ಮತ್ತು ಅಜ್ಜಿಯ ಹಾಡು

ಕೆಲವು ವರ್ಷಗಳ ಹಿಂದಿನವರೆಗೂ ನಮ್ಮ ಮನೆಯ ನೆನಪುಗಳೆಲ್ಲ ಒಂದೇ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನಲ್ಲಿದ್ದವು. ಅಕ್ಕನ ಮದುವೆಯ ವಿಡಿಯೊ, ಅಪ್ಪನ ಕ್ಯಾಸೆಟ್‌ಗಳಿಂದ ಕಂಪ್ಯೂಟರಿಗೆ ಇಳಿಸಿಕೊಂಡ ನಾಟಕಗಳು, ಸಾವಿರಾರು ಫೋಟೊ, ಒಂದಿಷ್ಟು ಸಿನಿಮಾ. ಜತೆಗೆ ಅಜ್ಜಿ ಹಾಡಿದ 14 ಸೋಬಾನೆ ಪದ. ಅರಸೀಕೆರೆ ಕಡೆಯ ನಮ್ಮೂರಿನ ಜಗಲಿ ಮೇಲೆ ಅಜ್ಜಿಯನ್ನು ಕೂರಿಸಿ ಅಕ್ಕ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು. ಮರುವರ್ಷವೇ ಅಜ್ಜಿ ತೀರಿಕೊಂಡರು.

ಒಂದು ಭಾನುವಾರ ಆ ಡಿಸ್ಕು ಟಿಕ್ ಟಿಕ್ ಅನ್ನತೊಡಗಿತು. ಒಮ್ಮೆ ಕಾಣಿಸುತ್ತಿತ್ತು, ಒಮ್ಮೆ ಮಾಯ. ಗೆಳೆಯನ ಡಿಸ್ಕನ್ನು ಕಡ ತಂದು, ಎರಡು ದಿನ ಕೂತು, ಇದ್ದದ್ದನ್ನೆಲ್ಲ ಕಾಪಿ ಮಾಡಿಕೊಂಡೆ. ಹೇಗೋ ಎಲ್ಲವೂ ಬಂತು. ಆದರೆ ಆ ಎರಡು ದಿನದ ಭಯ ಸಾಕಾಯ್ತು. ಮನೆಗೆ ಒಂದು ರೈಡ್ ಕಟ್ಟಿಯೇ ತೀರಬೇಕು ಅಂತ ತೀರ್ಮಾನ ಮಾಡಿದೆ.

ಏನಿದು ರೈಡ್?

ಹಲವು ಡಿಸ್ಕುಗಳನ್ನು ಸೇರಿಸಿ ಒಂದೇ ದೊಡ್ಡ ಡಿಸ್ಕಿನಂತೆ ಬಳಸುವ ವಿಧಾನಕ್ಕೆ ರೈಡ್ ಅನ್ನುತ್ತಾರೆ. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ ತಮ್ಮ ಪ್ರಬಂಧದಲ್ಲಿ ಈ ಹೆಸರು ಕೊಟ್ಟರು. ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕು ಸೇರಿಸಿದರೆ ವೇಗವೂ ಸಿಗುತ್ತದೆ, ಒಂದು ಹೋದರೂ ಮಾಹಿತಿ ಉಳಿಯುವಂತೆಯೂ ಮಾಡಬಹುದು ಎಂಬುದು ಅವರ ವಾದ.

ಒಂದು ಹೋದರೂ ಹೇಗೆ ಉಳಿಯುತ್ತದೆ? ನಾನು ಅಮ್ಮನಿಗೆ ಹೇಳಿದ್ದು ಹೀಗೆ: ಮೂರು ಡಬ್ಬದಲ್ಲಿ 7, 5, 9 ರೂಪಾಯಿ ಇದೆ. ನಾಲ್ಕನೆಯದರಲ್ಲಿ ಮೊತ್ತ 21 ಅಂತ ಚೀಟಿ ಬರೆದಿಟ್ಟಿದ್ದೇವೆ. ಎರಡನೇ ಡಬ್ಬ ಕಳೆದುಹೋದರೆ 21ರಿಂದ 7 ಮತ್ತು 9 ಕಳೆದರೆ ಸಾಕು, ಅದರಲ್ಲಿ 5 ಇತ್ತು ಅಂತ ಗೊತ್ತಾಗುತ್ತದೆ. ರೈಡ್ 5 ಮಾಡುವುದು ಹೆಚ್ಚುಕಡಿಮೆ ಇದನ್ನೇ. ಆ ಚೀಟಿಗೆ ಪ್ಯಾರಿಟಿ ಅಂತ ಹೆಸರು. ಅದನ್ನು ಒಂದೇ ಡಿಸ್ಕಿನಲ್ಲಿಡದೆ ಎಲ್ಲ ಡಿಸ್ಕುಗಳಿಗೂ ಹಂಚಿರುತ್ತದೆ, ಅಷ್ಟೇ.

4 ಟಿಬಿಯ ನಾಲ್ಕು ಡಿಸ್ಕು ಇದ್ದರೆ ಲೆಕ್ಕ ಹೀಗೆ. ರೈಡ್ 0ದಲ್ಲಿ ಪೂರ್ತಿ 16 ಟಿಬಿ ಸಿಗುತ್ತದೆ, ಆದರೆ ಒಂದು ಡಿಸ್ಕು ಹೋದರೆ ಎಲ್ಲವೂ ಹೋಯ್ತು. ರೈಡ್ 5ರಲ್ಲಿ 12 ಟಿಬಿ, ಒಂದು ಡಿಸ್ಕು ಹೋದರೆ ತಡೆದುಕೊಳ್ಳುತ್ತದೆ. ರೈಡ್ 6ರಲ್ಲಿ 8 ಟಿಬಿ, ಯಾವ ಎರಡು ಹೋದರೂ ಪರವಾಗಿಲ್ಲ. ರೈಡ್ 10ರಲ್ಲೂ 8 ಟಿಬಿಯೇ, ಆದರೆ ಅಲ್ಲಿ ಒಂದೇ ಜೋಡಿಯ ಎರಡೂ ಹೋಗಬಾರದು. ನಾನು ಜಾಗದ ಆಸೆಗೆ ಬಿದ್ದು 5 ಆರಿಸಿಕೊಂಡೆ.

ಎಸ್‌.ಪಿ. ರೋಡಿನಲ್ಲಿ ಒಂದು ಶನಿವಾರ

ಬೆಂಗಳೂರಿನಲ್ಲಿದ್ದು ಕಂಪ್ಯೂಟರ್ ಬಿಡಿಭಾಗ ಬೇಕು ಅಂದರೆ ಕಾಲು ತಾನೇ ಎಸ್‌.ಪಿ. ರೋಡಿನ ಕಡೆ ಹೋಗುತ್ತದೆ. ಸರ್ವರಿನಿಂದ ಕಳಚಿದ ಸೆಕೆಂಡ್‌ ಹ್ಯಾಂಡ್ ರೈಡ್ ಕಾರ್ಡೊಂದು ಸಿಕ್ಕಿತು. ಅಂಗಡಿಯವರು ಒಳ್ಳೆಯ ಮಾತು ಹೇಳಿದರು: "ಸಾರ್, ನಾಲ್ಕೂ ಡಿಸ್ಕು ಒಂದೇ ಬ್ಯಾಚಿಂದು ತಗೋಬೇಡಿ. ಒಟ್ಟಿಗೆ ಹುಟ್ಟಿದ್ದು ಒಟ್ಟಿಗೇ ಹೋಗ್ಬಿಡತ್ತೆ." ಹಾಗಾಗಿ ಎರಡು ಅಲ್ಲಿ, ಎರಡು ಬೇರೆ ಕಡೆ ಕೊಂಡೆ.

ಕೊಳ್ಳುವ ಮುಂಚೆ ನೋಡಬೇಕಾದ್ದು ಇಷ್ಟು. ತೀರಾ ಹಳೆಯ ಕಾರ್ಡುಗಳು 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಗುರುತಿಸುವುದಿಲ್ಲ. ಡಿಸ್ಕು ನ್ಯಾಸ್ ಬಳಕೆಗೆಂದೇ ಮಾಡಿದ್ದಿರಲಿ. ಮಾಮೂಲಿ ಡೆಸ್ಕ್‌ಟಾಪ್ ಡಿಸ್ಕು ಕೆಟ್ಟ ಜಾಗ ಸಿಕ್ಕರೆ ಅದನ್ನು ಓದಲು ತುಂಬ ಹೊತ್ತು ಒದ್ದಾಡುತ್ತದೆ. ಕಾರ್ಡಿಗೆ ಅಷ್ಟು ತಾಳ್ಮೆ ಇರುವುದಿಲ್ಲ, 'ಇದು ಸತ್ತಿದೆ' ಅಂತ ಹೊರಗೆ ಹಾಕಿಬಿಡುತ್ತದೆ. ನ್ಯಾಸ್ ಡಿಸ್ಕು ಸುಮಾರು 7 ಸೆಕೆಂಡಿನಲ್ಲಿ ಕೈಚೆಲ್ಲಿ, ತಪ್ಪಾಗಿದೆ ಅಂತ ವರದಿ ಕೊಡುತ್ತದೆ. ಇನ್ನೊಂದು, ವಿವರದಲ್ಲಿ ಸಿಎಂಆರ್ ಅಂತ ಇರಬೇಕು. ಎಸ್‌ಎಂಆರ್ ಬಗೆಯ ಡಿಸ್ಕುಗಳು ಎಡೆಬಿಡದೆ ಬರೆಯುವ ಕೆಲಸ ಬಂದರೆ ಏದುಸಿರು ಬಿಡುತ್ತವೆ.

ಜೋಡಿಸುವುದು ಕಷ್ಟವಲ್ಲ. ಹಳೆಯ ಡೆಸ್ಕ್‌ಟಾಪಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕಾರ್ಡು, ಅದರಿಂದ ನಾಲ್ಕು ಕವಲಾಗಿ ಬರುವ ಕೇಬಲ್, ಒಂದೊಂದು ಕವಲಿಗೆ ಒಂದೊಂದು ಡಿಸ್ಕು. ಈ ಕಾರ್ಡುಗಳನ್ನು ಮಾಡಿರುವುದು ಸರ್ವರಿನ ಜೋರು ಗಾಳಿಗೆ, ಮನೆಯ ಪೆಟ್ಟಿಗೆಯಲ್ಲಿ ಕಾದು ಕೆಂಡವಾಗುತ್ತವೆ. ಅದರ ನೆತ್ತಿಗೆ ಒಂದು ಪುಟ್ಟ ಫ್ಯಾನ್ ಕಟ್ಟಿದೆ. ಪ್ರತಿ ಡಿಸ್ಕಿನ ಮೇಲೂ ಸೀರಿಯಲ್ ನಂಬರ್ ಬರೆದ ಚೀಟಿ ಅಂಟಿಸಿದೆ. ಮುಂದೆ ಯಾವುದೋ ಒಂದು ಕೆಟ್ಟಾಗ ಅವಸರದಲ್ಲಿ ಚೆನ್ನಾಗಿರುವುದನ್ನು ಕಿತ್ತುಹಾಕಿದರೆ ಕಥೆ ಮುಗಿದಂತೆ.

ಕಂಪ್ಯೂಟರ್ ಆನ್ ಆಗುವಾಗ ಕಾರ್ಡಿನದೇ ಸೆಟಪ್ ಪರದೆ ತೆರೆಯಬಹುದು. ಅಲ್ಲಿ ನಾಲ್ಕೂ ಡಿಸ್ಕು ಆರಿಸಿ ರೈಡ್ 5 ಎಂದು ಗುರುತು ಮಾಡಿದೆ. ಸಿನಿಮಾ, ವಿಡಿಯೊದಂಥ ದೊಡ್ಡ ಫೈಲುಗಳೇ ಹೆಚ್ಚಿದ್ದರಿಂದ ಸ್ಟ್ರೈಪ್ ಅಳತೆಯನ್ನು 256 ಕೆಬಿಗೆ ಇಟ್ಟೆ. ಆಮೇಲೆ ರೈಟ್ ಬ್ಯಾಕ್ ಬೇಕೋ ರೈಟ್ ಥ್ರೂ ಬೇಕೋ ಅನ್ನುವ ಪ್ರಶ್ನೆ. ರೈಟ್ ಬ್ಯಾಕ್ ವೇಗದ್ದು, ಮಾಹಿತಿ ಮೊದಲು ಕಾರ್ಡಿನ ಮೆಮೊರಿಗೆ ಹೋಗಿ, ನಿಧಾನಕ್ಕೆ ಡಿಸ್ಕಿಗೆ ಇಳಿಯುತ್ತದೆ. ಕಾರ್ಡಿಗೆ ಬ್ಯಾಟರಿ ಇಲ್ಲದೆ ಅಷ್ಟರಲ್ಲಿ ಕರೆಂಟ್ ಹೋದರೆ ನಡುದಾರಿಯಲ್ಲಿದ್ದದ್ದು ಗೋವಿಂದ. ನನ್ನ ಕಾರ್ಡಿನ ಬ್ಯಾಟರಿ ಸತ್ತಿತ್ತು. ರೈಟ್ ಥ್ರೂ ಇಟ್ಟು, ಒಂದು ಯುಪಿಎಸ್ ಕೂಡ ಹಾಕಿದೆ.

ಇನಿಶಿಯಲೈಸ್ ಮುಗಿಯಲು ಇಡೀ ರಾತ್ರಿ ಹಿಡಿಯಿತು. ಬೆಳಿಗ್ಗೆ ನೋಡಿದರೆ 12 ಟಿಬಿ ಬದಲು 10.9 ಅಂತ ತೋರಿಸುತ್ತಿತ್ತು. ಗಾಬರಿ ಬೇಡ, ಕಂಪನಿಗಳು ಸಾವಿರದ ಲೆಕ್ಕದಲ್ಲಿ ಎಣಿಸುತ್ತವೆ, ವಿಂಡೋಸ್ 1024ರ ಲೆಕ್ಕದಲ್ಲಿ. ಎಲ್ಲವನ್ನೂ ಅದಕ್ಕೆ ತುಂಬಿ, ಟಿವಿಗೆ ಜೋಡಿಸಿ, ಗೆಳೆಯನ ಡಿಸ್ಕು ಖಾಲಿ ಮಾಡಿ ವಾಪಸು ಕೊಟ್ಟೆ. ಸಂಜೆ ಅಮ್ಮ ಕಾಫಿ ಹಿಡಿದು ಕೂತು ಅಜ್ಜಿಯ ಹಾಡು ಕೇಳಿದಳು. ನನಗೋ ದೊಡ್ಡ ಕೋಟೆ ಕಟ್ಟಿದ ಖುಷಿ.

ಮೊದಲ ಪರೀಕ್ಷೆ

ಒಂದೂವರೆ ವರ್ಷದ ನಂತರ ಆಫೀಸಿನಲ್ಲಿದ್ದಾಗ ಅಮ್ಮನ ಫೋನು. "ಲೋ, ನಿನ್ನ ರೂಮಲ್ಲಿ ಏನೋ ಒಂದೇ ಸಮ ಕೂಗ್ಕೊಳ್ತಿದೆ ಕಣೋ. ಕುಕ್ಕರ್‌ಗಿಂತ ಜೋರಾಗಿದೆ."

ಕಾರ್ಡಿನ ಅಲಾರಾಂ ಅದು. ಮೂರನೇ ಡಿಸ್ಕು ಹೋಗಿತ್ತು. ಹೊಸದು ತಂದು, ಸೀರಿಯಲ್ ನಂಬರ್ ಎರಡೆರಡು ಸಲ ನೋಡಿ ಬದಲಿಸಿದೆ. ಉಳಿದ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ಕಳೆದದ್ದನ್ನು ಲೆಕ್ಕಹಾಕಿ ಹೊಸದಕ್ಕೆ ಬರೆಯುವ ಕೆಲಸ ಶುರುವಾಯ್ತು. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ 4 ಟಿಬಿಗೆ ಏಳು ಗಂಟೆ ದಾಟುತ್ತದೆ. ನಮ್ಮದು 13 ಗಂಟೆ ತೆಗೆದುಕೊಂಡಿತು. ಅಷ್ಟರೊಳಗೆ ಇನ್ನೊಂದು ಡಿಸ್ಕು ಕೈಕೊಟ್ಟಿದ್ದರೆ ಏನೂ ಉಳಿಯುತ್ತಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಡಿಸ್ಕು ದೊಡ್ಡದಾದಷ್ಟೂ ಈ ಕಾಯುವ ಹೊತ್ತು ಹೆಚ್ಚುತ್ತದೆ, ಅದಕ್ಕೇ ಜಾಗ ಕಡಿಮೆಯಾದರೂ ರೈಡ್ 6 ವಾಸಿ ಅಂತ ಬುದ್ಧಿ ಬಂದದ್ದು ಆಗಲೇ.

ಆದರೂ ರೈಡ್ ಪಾಸಾಯ್ತು, ಒಂದು ಫೋಟೊ ಕೂಡ ಹೋಗಲಿಲ್ಲ. ಫೇಲ್ ಆದವನು ನಾನು.

ಎರಡನೇ ಪರೀಕ್ಷೆ

ಒಂದು ರಜೆಯ ದಿನ ಫೋಲ್ಡರುಗಳನ್ನು ಒಪ್ಪ ಮಾಡುತ್ತಿದ್ದೆ. 'ಸೋಬಾನೆ', 'ಸೋಬಾನೆ ಹೊಸದು' ಅಂತ ಎರಡಿದ್ದವು. ಡೂಪ್ಲಿಕೇಟ್ ಅಂದುಕೊಂಡು ಒಂದನ್ನು ಅಳಿಸಿದೆ. ಉಳಿದದ್ದರಲ್ಲಿ ಇದ್ದದ್ದು ಬರೀ ಜಗಲಿಯ ಫೋಟೊ. ಹಾಡೆಲ್ಲ ಅಳಿಸಿದ್ದರಲ್ಲಿತ್ತು. ಇದು ಗೊತ್ತಾದದ್ದು ತಿಂಗಳ ಮೇಲೆ, ಅಜ್ಜಿಯ ತಿಥಿಯ ದಿನ ಅಮ್ಮ ಹಾಡು ಹಾಕು ಅಂದಾಗ.

ಲ್ಯಾಪ್‌ಟಾಪಿನಿಂದ ನೆಟ್‌ವರ್ಕ್ ಮೂಲಕ ಅಳಿಸಿದ್ದರಿಂದ ರೀಸೈಕಲ್ ಬಿನ್ನಿನಲ್ಲೂ ಇರಲಿಲ್ಲ. ಆ ಜಾಗದ ಮೇಲೆ ಆಗಲೇ ಬೇರೆ ವಿಡಿಯೊ ಬಂದು ಕೂತಿತ್ತು, ರಿಕವರಿ ಸಾಫ್ಟ್‌ವೇರಿಗೂ ಏನೂ ಸಿಗಲಿಲ್ಲ. ಆಗ ಅರ್ಥವಾಯ್ತು: ಡಿಸ್ಕು ಕೆಟ್ಟರೆ ರೈಡ್ ಕಾಪಾಡುತ್ತದೆ. ಆದರೆ ನಾನು ಅಳಿಸು ಅಂದರೆ ನಾಲ್ಕೂ ಡಿಸ್ಕಿನಿಂದ ವಿಧೇಯವಾಗಿ ಅಳಿಸುತ್ತದೆ. ಕಳ್ಳ ಬಂದರೆ, ಸಿಡಿಲು ಬಡಿದರೆ, ವೈರಸ್ ಹೊಕ್ಕರೆ ನಾಲ್ಕೂ ಒಟ್ಟಿಗೇ ಹೋಗುತ್ತವೆ. ರೈಡ್ ಬ್ಯಾಕಪ್ ಅಲ್ಲ ಅನ್ನುವುದನ್ನು ನಾನೂ ನೂರು ಸಲ ಓದಿದ್ದೆ.

ಟಿಕ್ ಟಿಕ್ ಅನ್ನುತ್ತಿದ್ದ ಹಳೆಯ ಡಿಸ್ಕನ್ನು ಅಮ್ಮ ಎಸೆಯದೆ ಅಟ್ಟದ ಮೇಲೆ ಹಾಕಿದ್ದಳು. ಜೋಡಿಸಿದೆ. ಒಂಬತ್ತು ಹಾಡು ಕಾಪಿಯಾಗುವಷ್ಟರಲ್ಲಿ ಅದು ನಿಂತಿತು, ಮತ್ತೆ ಏಳಲಿಲ್ಲ. ಅಕ್ಕ ಫೋನು ಬದಲಿಸಿ ಎಷ್ಟೋ ವರ್ಷವಾಗಿತ್ತು. ಐದು ಹಾಡು ಹೋದದ್ದು ಹೋದಂತೆಯೇ. ಅಮ್ಮ ಬೈಯಲಿಲ್ಲ. "ಹಸೆಗೆ ಕರೆಯೋದು ನಂಗೆ ಎರಡು ನುಡಿ ಬರತ್ತೆ, ಹಾಡ್ತೀನಿ, ರೆಕಾರ್ಡ್ ಮಾಡ್ಕೋ" ಅಂದಳು. ಮಾಡಿಕೊಂಡೆ.

ಈಗ ನಮ್ಮನೆ ಪದ್ಧತಿ

ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಸೂತ್ರವನ್ನು ಪಾಲಿಸುತ್ತಿದ್ದೇನೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಮನೆಯ ಹೊರಗೆ. ಎಲ್ಲದಕ್ಕೂ ಇದು ಬೇಕಿಲ್ಲ. ಸಿನಿಮಾ ಹೋದರೆ ಮತ್ತೆ ಸಿಗುತ್ತದೆ. ಮತ್ತೆ ಸಿಗದಿರುವುದನ್ನು ಬೇರೆ ಮಾಡಿ ನೋಡಿದರೆ ನಮ್ಮದು 300 ಜಿಬಿಯೂ ಇರಲಿಲ್ಲ. ಅದು ರೈಡ್‌ನಲ್ಲಿದೆ, ಕ್ಲೌಡ್‌ನಲ್ಲಿದೆ, ಒಂದು ಪುಟ್ಟ ಡಿಸ್ಕಿನಲ್ಲೂ ಇದೆ. ಬ್ಯಾಕಪ್ಪಿನಿಂದ ಫೈಲುಗಳನ್ನು ತೆರೆದೂ ನೋಡುತ್ತೇನೆ, ತೆರೆಯದ ಬ್ಯಾಕಪ್ಪನ್ನು ನಂಬುವಂತಿಲ್ಲ.

ಎಸ್‌.ಪಿ. ರೋಡಿನಿಂದ ಅದೇ ಮಾದರಿಯ ಇನ್ನೊಂದು ಕಾರ್ಡು ತಂದಿಟ್ಟಿದ್ದೇನೆ. ಹಾರ್ಡ್‌ವೇರ್ ರೈಡ್‌ನ ದೊಡ್ಡ ತೊಡಕೇ ಇದು: ಕಾರ್ಡು ಸತ್ತರೆ ಡಿಸ್ಕುಗಳು ಚೆನ್ನಾಗಿದ್ದರೂ ಅವನ್ನು ಓದಲು ಸಾಮಾನ್ಯವಾಗಿ ಅದೇ ಜಾತಿಯ ಕಾರ್ಡೇ ಬೇಕು. ಹೊಸದಾಗಿ ಶುರುಮಾಡುವವರು ಕೇಳಿದರೆ ಸಾಫ್ಟ್‌ವೇರ್ ರೈಡನ್ನೂ ನೋಡಿ ಅನ್ನುತ್ತೇನೆ. ಅದರ ಡಿಸ್ಕುಗಳನ್ನು ಬೇರೆ ಕಂಪ್ಯೂಟರಿಗೆ ಹಾಕಿದರೂ ಓದಬಹುದು.

ಆ ಪುಟ್ಟ ಡಿಸ್ಕು ಇರುವುದು ಮೈಸೂರಿನ ಅಕ್ಕನ ಮನೆಯಲ್ಲಿ. ಒಂದು ಅವಳ ಬೀರುವಿನಲ್ಲಿದ್ದರೆ ಅದರ ಜೋಡಿ ನಮ್ಮಲ್ಲಿ, ಹಬ್ಬಕ್ಕೆ ಹೋದಾಗ ಅದಲುಬದಲು. ಈ ಸಲ ಗೌರಿ ಹಬ್ಬಕ್ಕೆ ಬಾಗಿನ ಕಟ್ಟುವಾಗ ಅಮ್ಮನೇ ಕೇಳಿದಳು, "ಅಜ್ಜಿ ಡಿಸ್ಕ್ ಇಟ್ಕೊಂಡ್ಯೇನೋ?"